ಇಳಿತದ ಹೊತ್ತು ಗೊತ್ತಿರುವವರು

ಪರಿಸರ ಅಧ್ಯಯನವನ್ನು ನಾವೆಲ್ಲ ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾದವರೇ. ‘ಅಳಿವೆ ಎಂದರೇನು?’ ನದಿ ಸಮುದ್ರ ಸೇರುವ ಜಾಗ. ಎರಡು ಅಂಕ, ಮುಗೀತು. ಈ ಸಲ ಸ್ವಲ್ಪ ನಿಧಾನವಾಗಿ ನೋಡೋಣ. ಉದಾಹರಣೆಗೆ ನಮ್ಮದೇ ಉತ್ತರ ಕನ್ನಡದ ಅಘನಾಶಿನಿ.

ಶಿರಸಿಯ ಹತ್ತಿರ ಹುಟ್ಟಿ ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ಈ ನದಿಗೆ ಇವತ್ತಿಗೂ ದೊಡ್ಡ ಅಣೆಕಟ್ಟಿಲ್ಲ. ಇದರ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ 2024ರ ಆರಂಭದಲ್ಲಿ ಬಂತು. ವಿಸ್ತಾರ 4,801 ಹೆಕ್ಟೇರ್. ಇಳಿತಕ್ಕೆ ನೀರು ಸರಿದು ಕೆಸರು, ಮರಳಿನ ದಿಬ್ಬ ಕಂಡಾಗ ಸುತ್ತಲಿನ ಊರುಗಳ ಹೆಂಗಸರು ಬುಟ್ಟಿ ಹಿಡಿದು ಇಳಿಯುತ್ತಾರೆ. ಹುಡುಕೋದು ಬಳಚು, ಮಂಗಳೂರಿನ ಕಡೆಯವರು ಮರುವಾಯಿ ಅನ್ನುವ ಚಿಪ್ಪುಜೀವಿಗಳ ಬಳಗ. ಸೊಂಟದ ಮಟ್ಟದ ನೀರಲ್ಲಿ ಕಾಲು, ಕೈಯಿಂದಲೇ ತಡವಿ ತೆಗೆಯಬೇಕು.

ಇಳಿತದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಮಗೆ ಅದಕ್ಕೆ ಆ್ಯಪ್ ಬೇಕು, ಅವರಿಗೆ ತಿಥಿ ಸಾಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಹೆಚ್ಚು ಸರಿಯುತ್ತದೆ, ದಿಬ್ಬ ಹೆಚ್ಚು ಹೊತ್ತು ಸಿಗುತ್ತದೆ. ಯಾವ ದಿಬ್ಬಕ್ಕೆ ಹೂಳು ಬಿತ್ತು, ಎಲ್ಲಿ ಮರಿ ಬಳಚು ಕೂತಿದೆ ಅನ್ನೋದು ಅವರ ಕಾಲಿಗೇ ಮೊದಲು ತಿಳಿಯೋದು. ಸೆನ್ಸರ್ ಅಂದರೆ ಇನ್ನೇನು ಹೇಳಿ?

ಹಾಗಂತ ‘ಹೆಣ್ಣು ಪ್ರಕೃತಿಯ ಮಗಳು’ ಅಂತ ಹಾಡಿಬಿಡೋದು ನಮಗೆ ಒಪ್ಪಿಗೆಯಿಲ್ಲ. ಬೇಡಿಕೆ ಏರಿದಾಗ ಸಣ್ಣದನ್ನೂ ಬುಟ್ಟಿಗೆ ಹಾಕುವ ಒತ್ತಡ ಅವರ ಮೇಲೂ ಇದೆ. ಸಂಜೆಗೆ ಒಲೆ ಉರಿಯಬೇಕಲ್ಲ. ಆದರೆ ಬಳಚು ಮುಗಿದರೆ ಮೊದಲು ಬರಿಗೈಯಾಗುವವರೂ ಅವರೇ. ಅಳಿವೆಯ ಮೇಲೆ ಕಣ್ಣಿಡಲು ಅವರಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಕಾಂಡ್ಲಾ ಗಿಡ ನೆಡುವ ಕೆಸರಿನ ಕೂಲಿಯಲ್ಲಿ, ಉಪ್ಪುನೀರು ತಡೆಯುವ ಕಗ್ಗ ಭತ್ತದ ಗಜನಿ ಗದ್ದೆಗಳಲ್ಲಿ ಅವರ ದುಡಿಮೆಯಿದೆ. ಅದು ಬೇರೆಯೇ ಲೇಖನ.

ಬಳಚು ಬದುಕುವುದು ಹೇಗೆ? ಕಿವಿರಿನ ಮೂಲಕ ನೀರು ಹಾಯಿಸಿ ಪಾಚಿಯ ಕಣಗಳನ್ನು ಸೋಸಿ ತಿನ್ನುತ್ತದೆ. ನೀರನ್ನು ತಿಳಿಗೊಳಿಸುವ ಕೆಲಸವೂ ಪುಕ್ಕಟೆ ಆಗುತ್ತದೆ. ಆದರೆ ಅದಕ್ಕೆ ಉಪ್ಪು ಒಂದು ಹದದಲ್ಲಿರಬೇಕು. ಮಳೆಗಾಲದಲ್ಲಿ ಸಿಹಿನೀರು ತುಂಬುತ್ತದೆ, ಬೇಸಿಗೆಯಲ್ಲಿ ಕಡಲು ಒಳಬರುತ್ತದೆ. ಈ ಏರಿಳಿತಕ್ಕೆ ಹೊಂದಿಕೊಂಡೇ ಅವು ಇವೆ.

ಈಗ ಪಕ್ಕದ ಹೊನ್ನಾವರಕ್ಕೆ ಬನ್ನಿ, ಶರಾವತಿಯ ಅಳಿವೆ. ಮೇಲೆ 1964ರ ಲಿಂಗನಮಕ್ಕಿ ಅಣೆಕಟ್ಟು. ಟರ್ಬೈನ್ ತಿರುಗಿಸಿದ ನೀರು ಬೇಸಿಗೆಯಲ್ಲೂ ಕೆಳಗೆ ಹರಿಯುತ್ತದೆ, ಅಳಿವೆಯ ಉಪ್ಪು ಇಳಿಯುತ್ತದೆ. ಎರಡೂ ಅಳಿವೆಗಳನ್ನು ಹೋಲಿಸಿ ನೋಡಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಶರಾವತಿಯಲ್ಲಿ ಮೀನಿನ ವೈವಿಧ್ಯ, ಚಿಪ್ಪುಜೀವಿ ಎರಡೂ ಕಡಿಮೆಯೆಂದು ಕಂಡುಕೊಂಡಿದ್ದಾರೆ. ಯಾರೂ ವಿಷ ಸುರಿದಿಲ್ಲ, ಗಮನಿಸಿ. ಹರಿದದ್ದು ಶುದ್ಧ ಸಿಹಿನೀರು. ಆ ಕರೆಂಟಿನಲ್ಲೇ ನಾವು ಓದಿದ್ದೇವೆ, ಜಲವಿದ್ಯುತ್ತನ್ನು ‘ಮಾಲಿನ್ಯರಹಿತ’ ಅಂತ ಬರೆದು ಅಂಕವನ್ನೂ ತಗೊಂಡಿದ್ದೇವೆ.

ಅಘನಾಶಿನಿಯ ದಡದ ತದಡಿಗೂ ಒಮ್ಮೆ 4,000 ಮೆಗಾವಾಟ್ ಉಷ್ಣ ವಿದ್ಯುತ್ ಯೋಜನೆಯ ಪ್ರಸ್ತಾಪವಿತ್ತು, ಬಂದರಿನದೂ ಇತ್ತು. ಇಂಥ ಯೋಜನೆಗೆ ನಷ್ಟದ ಲೆಕ್ಕ ಹಾಕುವ ಕೆಲಸ ನಾಳೆ ನಮ್ಮಲ್ಲೇ ಯಾರಿಗಾದರೂ ಬರಬಹುದು. ದೋಣಿ ಎಣಿಸೋದು ಸುಲಭ, ಅದಕ್ಕೆ ನೋಂದಣಿ ಸಂಖ್ಯೆ ಇರುತ್ತದೆ. ಬುಟ್ಟಿಗೆ ಇರೋದಿಲ್ಲ. ಅದನ್ನು ಎಣಿಸಬೇಕೆಂದರೆ ಇಳಿತದ ಹೊತ್ತಿಗೆ ಸರಿಯಾಗಿ ದಡದಲ್ಲಿರಬೇಕು. ಸರ್ವೆಯವರು ಹನ್ನೊಂದು ಗಂಟೆಗೆ ಜೀಪಿನಲ್ಲಿ ಬರುವಷ್ಟರಲ್ಲಿ ನೀರು ತುಂಬಿರಬಹುದು, ಹೆಂಗಸರು ಬುಟ್ಟಿ ಹೊತ್ತು ಪೇಟೆಗೆ ಹೋಗಿರಬಹುದು.