ಏಳು ದೊಡ್ಡದೋ, ಮೂರು ದೊಡ್ಡದೋ? – ಗೇಮಿಂಗ್ ಕಂಪ್ಯೂಟರಿನ ಬಿಡಿಭಾಗಗಳ ಮೂಲಕ ವಿದ್ಯುತ್ ಸಾಮರ್ಥ್ಯದ ಪಾಠ

ಹತ್ತನೇ ತರಗತಿಯ ವಿಜ್ಞಾನದಲ್ಲಿ ವಿದ್ಯುತ್ ಸಾಮರ್ಥ್ಯದ ಲೆಕ್ಕಗಳನ್ನು ನಾವು ಸಾಮಾನ್ಯವಾಗಿ ಬಲ್ಬು, ಇಸ್ತ್ರಿಪೆಟ್ಟಿಗೆ, ಫ್ರಿಜ್ಜುಗಳ ಮೇಲೆ ಮಾಡಿಸುತ್ತೇವೆ. ವಿಭವಾಂತರವನ್ನು ಪ್ರವಾಹದಿಂದ ಗುಣಿಸಿದರೆ ಸಾಮರ್ಥ್ಯ. ಈ ಸೂತ್ರವನ್ನು ಮಕ್ಕಳು ಬೇಗ ಕಲಿಯುತ್ತಾರೆ, ಉತ್ತರದ ಮುಂದೆ ‘ವ್ಯಾಟ್’ ಎಂದೂ ಬರೆಯುತ್ತಾರೆ. ಆ ವ್ಯಾಟ್ ಯಾವುದರ ಅಳತೆ, ಅದನ್ನು ಬಿಟ್ಟು ಬರೆದರೆ ಏನು ಕಳೆದುಹೋಗುತ್ತದೆ ಎಂಬ ಪ್ರಶ್ನೆ ಮಾತ್ರ ಅವರಲ್ಲಿ ಹುಟ್ಟುವುದಿಲ್ಲ. ಏಕಮಾನ ಬರೆಯದಿದ್ದರೆ ಅರ್ಧ ಅಂಕ ಹೋಗುತ್ತದೆ ಎಂಬುದಷ್ಟೇ ಅವರಿಗೆ ಗೊತ್ತಿರುವ ಕಾರಣ.

ಶಿರಾಲಿಯ ಸಮೀಪದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸಕ್ಕೆ ಹೋದಾಗ ಈ ಪಾಠಕ್ಕೆ ಬೇರೆ ಉದಾಹರಣೆ ಆರಿಸಿಕೊಂಡೆ: ಅರವತ್ತೈದು ಸಾವಿರ ರೂಪಾಯಿಯೊಳಗೆ ಗೇಮಿಂಗ್ ಕಂಪ್ಯೂಟರ್ ಒಂದನ್ನು ಬಿಡಿಭಾಗಗಳಿಂದ ಜೋಡಿಸುವುದು. ಮೊಬೈಲಿನಲ್ಲಿ ಆಟವಾಡದ ಹುಡುಗರು ಆ ತರಗತಿಯಲ್ಲಿ ಕಡಿಮೆ. ಭಟ್ಕಳ ತಾಲ್ಲೂಕಿನ ಅನೇಕ ಮನೆಗಳಲ್ಲಿ ಒಬ್ಬರಾದರೂ ಕೊಲ್ಲಿ ದೇಶದಲ್ಲಿ ದುಡಿಯುತ್ತಾರೆ. ಪರೀಕ್ಷೆ ಮುಗಿದ ಮೇಲೆ ಅಣ್ಣನೋ ಮಾವನೋ ಕಂಪ್ಯೂಟರ್ ಕೊಡಿಸುವ ಮಾತು ಇಬ್ಬರು ಮೂವರ ಮನೆಯಲ್ಲಿ ಆಗಲೇ ನಡೆದಿತ್ತು. ಹಾಗಾಗಿ ಇದು ಬರೀ ಕಲ್ಪಿತ ಲೆಕ್ಕವಾಗಿರಲಿಲ್ಲ. ಯಾರದೋ ವರ್ಷದ ಉಳಿತಾಯದ ಲೆಕ್ಕವೂ ಆಗಿತ್ತು.

ಮೊದಲ ಅವಧಿ: ಒಂದು ಜಾಹೀರಾತು

ಹಲಗೆಯ ಮೇಲೆ ಒಂದೇ ಸಾಲು ಬರೆದೆ. ಇಂಥ ಸಾಲುಗಳನ್ನು ಮಕ್ಕಳು ಫೋನಿನಲ್ಲಿ ದಿನವೂ ನೋಡುತ್ತಾರೆ: ‘ಐ7 ಗೇಮಿಂಗ್ ಕಂಪ್ಯೂಟರ್, 16 ಜಿಬಿ, 500 ವ್ಯಾಟ್, ಏಳು ಬಣ್ಣದ ಲೈಟು’. ಪಕ್ಕದಲ್ಲಿ ಇನ್ನೊಂದು: ‘ಐ3, 16 ಜಿಬಿ, 450 ವ್ಯಾಟ್’. ಎರಡಕ್ಕೂ ಒಂದೇ ಬೆಲೆಯಾದರೆ ಯಾವುದು ಬೇಕು ಎಂದು ಕೇಳಿದೆ. ಬಹುತೇಕ ಎಲ್ಲ ಕೈಗಳೂ ಮೊದಲನೆಯದಕ್ಕೆ ಎದ್ದವು. ಏಳು ಮೂರಕ್ಕಿಂತ ದೊಡ್ಡದು, ಐನೂರು ನಾನೂರೈವತ್ತಕ್ಕಿಂತ ದೊಡ್ಡದು. ಗಣಿತದ ಪ್ರಕಾರ ತಪ್ಪೇನಿಲ್ಲ.

ಆಗ ಆ ಸಾಲಿನ ಪ್ರತಿ ಸಂಖ್ಯೆಯ ಮುಂದೆ ಏಕಮಾನ ಬರೆಯಲು ಹೇಳಿದೆ. 16ಕ್ಕೆ ಜಿಬಿ ಇದೆ. 500ಕ್ಕೆ ವ್ಯಾಟ್ ಇದೆ. ಐ7ರ ಏಳಕ್ಕೆ? ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು. ಹಿಂದಿನ ಬೆಂಚಿನಿಂದ ಒಬ್ಬ, “ಅದು ಬಸ್ಸಿನ ನಂಬರ್ ಇದ್ದ ಹಾಗೆ ಸರ್” ಎಂದ. ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ. ಆ ಏಳು ಯಾವುದನ್ನೂ ಅಳೆಯುವುದಿಲ್ಲ. ಅದು ಒಂದು ತಲೆಮಾರಿನೊಳಗಿನ ದರ್ಜೆಯ ಹೆಸರು.

ತಲೆಮಾರು ತಿಳಿಯಲು ಪೂರ್ತಿ ಮಾದರಿ ಸಂಖ್ಯೆ ಬೇಕು. ಇಂಟೆಲ್‌ನ ಈ ಸರಣಿಯಲ್ಲಿ ಕೊನೆಯ ಮೂರು ಅಂಕಿಗಳನ್ನು ಮುಚ್ಚಿದರೆ ಉಳಿಯುವುದೇ ತಲೆಮಾರು. ಕೋರ್ ಐ7-2600 ಎಂದರೆ ಎರಡನೆಯ ತಲೆಮಾರು, 2011ರ ಜನವರಿಯದು. ಕೋರ್ ಐ3-12100 ಎಂದರೆ ಹನ್ನೆರಡನೆಯದು, 2022ರ ಜನವರಿಯದು. ಎರಡರಲ್ಲೂ ನಾಲ್ಕೇ ಕೋರ್, ಎಂಟೇ ಥ್ರೆಡ್. ಆದರೆ ಹೊಸದರ ಒಂದೊಂದು ಕೋರ್ ಹಳೆಯದಕ್ಕಿಂತ ಬಹಳ ವೇಗವಾಗಿ ಕೆಲಸ ಮುಗಿಸುತ್ತದೆ. ಹಳೆಯ ಐ7ರ ಉಷ್ಣ ಮಿತಿ 95 ವ್ಯಾಟ್, ಹೊಸ ಐ3ರ ಮೂಲ ಸಾಮರ್ಥ್ಯ 60 ವ್ಯಾಟ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಐ7-2600 ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ. ಕಚೇರಿಗಳಿಂದ ಹೊರಬಿದ್ದ ಹಳೆಯ ಯಂತ್ರಕ್ಕೆ ಬಣ್ಣದ ಲೈಟು ಕೂರಿಸಿ ‘ಐ7’ ಎಂದಷ್ಟೇ ಬರೆದು ಮಾರಿದರೆ ಆ ಬರಹದಲ್ಲಿ ಸುಳ್ಳಿಲ್ಲ. ಹಣ ಕಳೆದುಕೊಳ್ಳುವವರು ಮಾತ್ರ ಅದನ್ನು ಸಂಖ್ಯೆಯೆಂದು ಓದಿದವರು.

ಎರಡನೆಯ ಅವಧಿ: ಬೆಲೆಪಟ್ಟಿ

ಮೂವತ್ತೆರಡು ಮಕ್ಕಳನ್ನು ನಾಲ್ವರಂತೆ ಎಂಟು ಗುಂಪು ಮಾಡಿ ಪ್ರತಿ ಗುಂಪಿಗೂ ಬೆಲೆಪಟ್ಟಿ ಕೊಟ್ಟೆ. ಬೆಲೆಗಳು ಪಾಠಕ್ಕಾಗಿ ದುಂಡು ಮಾಡಿದವು, ಯಾವ ಅಂಗಡಿಯವೂ ಅಲ್ಲ.

ಪ್ರೊಸೆಸರ್: ಕೋರ್ ಐ3-12100ಎಫ್ 8,000, ರೈಜನ್ 5 5600ಜಿ 12,000.
ಮದರ್‌ಬೋರ್ಡ್: ಇಂಟೆಲ್‌ಗೆ 7,000, ರೈಜನ್‌ಗೆ 6,500.
ಗ್ರಾಫಿಕ್ಸ್ ಕಾರ್ಡ್: ಆರ್‌ಎಕ್ಸ್ 6600 21,000, ಆರ್‌ಟಿಎಕ್ಸ್ 3060 26,000.
ರ‍್ಯಾಮ್: 8 ಜಿಬಿಯ ಒಂದು ಪಟ್ಟಿ 3,500. ಎಸ್‌ಎಸ್‌ಡಿ: 500 ಜಿಬಿ 3,500.
ಎಸ್‌ಎಂಪಿಎಸ್: ‘80 ಪ್ಲಸ್ ಬ್ರಾಂಜ್’ ಗುರುತಿನ 450 ವ್ಯಾಟ್ 3,500, ಯಾವ ಗುರುತೂ ಇಲ್ಲದ ‘450 ವ್ಯಾಟ್’ 1,200.
ಕ್ಯಾಬಿನೆಟ್: ಸಾದಾ 2,500, ಗಾಜು ಮತ್ತು ಲೈಟಿನದು 6,000.
ಮಾನಿಟರ್: 1920×1080 8,500, 2560×1440 18,000.
ಕೀಬೋರ್ಡ್, ಮೌಸ್ ಸೇರಿ 1,000.
ಯುಪಿಎಸ್: 600 ವಿಎ 3,500, 1000 ವಿಎ 6,000.

ಪಟ್ಟಿಯನ್ನು ಬೇಕೆಂದೇ ಹೀಗೆ ಮಾಡಿದ್ದೆ. ಐ3, ಆರ್‌ಎಕ್ಸ್ 6600, ಎರಡು ಪಟ್ಟಿ ರ‍್ಯಾಮ್, ಗುರುತಿನ ಎಸ್‌ಎಂಪಿಎಸ್, ಸಾದಾ ಕ್ಯಾಬಿನೆಟ್, ಚಿಕ್ಕ ಮಾನಿಟರ್, ಚಿಕ್ಕ ಯುಪಿಎಸ್ ಎಲ್ಲ ಕೂಡಿದರೆ 65,500 ಆಗುತ್ತದೆ. ಐನೂರು ರೂಪಾಯಿ ಸಾಲದು. ಏನನ್ನಾದರೂ ಬಿಡಲೇಬೇಕು. ಏನನ್ನು ಬಿಡುವುದು ಎಂಬುದೇ ಪಾಠ.

ಒಂದು ಗುಂಪು ಐ3-12100ಎಫ್ ತೆಗೆದುಕೊಂಡು ಗ್ರಾಫಿಕ್ಸ್ ಕಾರ್ಡನ್ನೇ ಬಿಟ್ಟು, ಉಳಿದ ಹಣದಲ್ಲಿ ದೊಡ್ಡ ಮಾನಿಟರ್ ಕೊಂಡಿತು. ಕೂಡುವ ಲೆಕ್ಕ ಸರಿಯಾಗಿತ್ತು. ಆದರೆ ಹೆಸರಿನ ಕೊನೆಯ ‘ಎಫ್’ ಅಕ್ಷರದ ಅರ್ಥ, ಈ ಪ್ರೊಸೆಸರಿನಲ್ಲಿ ಚಿತ್ರ ಮೂಡಿಸುವ ಭಾಗ ಇಲ್ಲ ಎಂದು. ಆ ಹದಿನೆಂಟು ಸಾವಿರದ ಪರದೆಯ ಮೇಲೆ ಏನೂ ಕಾಣುವುದಿಲ್ಲ. ಇನ್ನೊಂದು ಗುಂಪು ರೈಜನ್ ಪ್ರೊಸೆಸರಿಗೆ ಇಂಟೆಲ್ ಬೋರ್ಡ್ ಜೋಡಿಸಿತ್ತು. ಒಂದರ ಸಾಕೆಟ್ ಎಎಂ4, ಇನ್ನೊಂದರದು ಎಲ್‌ಜಿಎ1700. ಮೂರು ಪಿನ್ನಿನ ಪ್ಲಗ್ಗನ್ನು ಎರಡು ತೂತಿನ ಸಾಕೆಟ್ಟಿಗೆ ತುರುಕಿದ ಹಾಗೆ. ಇವೆರಡನ್ನೂ ಮಕ್ಕಳು ಬೇಗ ಹಿಡಿದರು.

ಹೆಚ್ಚು ಚರ್ಚೆಗೆ ಬಂದದ್ದು ಮೂರನೆಯ ಗುಂಪಿನ ಪಟ್ಟಿ. ಆರ್‌ಟಿಎಕ್ಸ್ 3060, ಲೈಟಿನ ಕ್ಯಾಬಿನೆಟ್, ಒಂದೇ ಪಟ್ಟಿ ರ‍್ಯಾಮ್, ಗುರುತಿಲ್ಲದ ಎಸ್‌ಎಂಪಿಎಸ್. ಯುಪಿಎಸ್ ಇಲ್ಲ. ಒಟ್ಟು 64,700. ಮಿತಿಯೊಳಗೇ ಇದೆ, ಎಲ್ಲ ಭಾಗಗಳೂ ಒಂದಕ್ಕೊಂದು ಕೂಡುತ್ತವೆ. ತಪ್ಪು ಎಲ್ಲಿದೆ ಎಂದು ನಾನು ಹೇಳಲಿಲ್ಲ. ತೋಟದ ಮನೆಯ ಹುಡುಗಿಯೊಬ್ಬಳು ಎದ್ದು, “ದೊಡ್ಡ ಪಂಪ್ ತಂದು ಸಣ್ಣ ಪೈಪ್ ಹಾಕಿದ್ರೆ ನೀರು ಪೈಪಿನಷ್ಟೇ ಬರೂದು ಸರ್” ಎಂದಳು. ಎಂಟು ಜಿಬಿ ರ‍್ಯಾಮ್ ತುಂಬಿಹೋದರೆ ಗ್ರಾಫಿಕ್ಸ್ ಕಾರ್ಡ್ ಎಷ್ಟು ದೊಡ್ಡದಿದ್ದರೂ ಕಾಯಬೇಕು. ‘ಬಾಟಲ್‌ನೆಕ್’ ಎಂಬ ಪದವನ್ನು ನನ್ನ ಪಾಠಯೋಜನೆಯಲ್ಲಿ ಬರೆದುಕೊಂಡಿದ್ದೆ. ಅದನ್ನು ಬಳಸಲೇ ಇಲ್ಲ. ಆಮೇಲೆ ಇಡೀ ತರಗತಿ ‘ಪೈಪು ಎಲ್ಲಿದೆ?’ ಎಂದೇ ಕೇಳಿತು.

ವ್ಯಾಟ್ ಲೆಕ್ಕ

ಗುರುತಿಲ್ಲದ ಎಸ್‌ಎಂಪಿಎಸ್ ಮೇಲೂ 450 ವ್ಯಾಟ್ ಎಂದೇ ಇದೆಯಲ್ಲ, ಎಂತಕ್ಕೆ ಅದು ಬೇಡ ಎಂದು ಮೂರನೆಯ ಗುಂಪು ಪಟ್ಟು ಹಿಡಿಯಿತು. ನ್ಯಾಯವಾದ ಪ್ರಶ್ನೆ. ಇಲ್ಲಿ ಸಂಖ್ಯೆಗೆ ಏಕಮಾನವೂ ಇದೆ. ಅಳೆದವರು ಯಾರು ಎಂಬುದು ಮಾತ್ರ ಇಲ್ಲ. ‘80 ಪ್ಲಸ್’ ಎನ್ನುವುದು ದಕ್ಷತೆಯನ್ನು ಪರೀಕ್ಷಿಸಿ ಕೊಡುವ ಗುರುತು. ಬ್ರಾಂಜ್ ಎಂದರೆ ಅರ್ಧ ಹೊರೆಯಲ್ಲಿ 85% ದಕ್ಷತೆ. ಪುಸ್ತಕದ ಸೂತ್ರಗಳು ಕೆಲಸಕ್ಕೆ ಬಂದದ್ದು ಇಲ್ಲಿಂದ.

ಆರ್‌ಎಕ್ಸ್ 6600 ಇರುವ ಪಟ್ಟಿಯನ್ನು ತೆಗೆದುಕೊಳ್ಳೋಣ. ಐ3 ಗರಿಷ್ಠ 89 ವ್ಯಾಟ್, ಕಾರ್ಡ್ 132 ವ್ಯಾಟ್, ಉಳಿದ ಎಲ್ಲಕ್ಕೂ ಅಂದಾಜು 50. ಒಟ್ಟು 271 ವ್ಯಾಟ್. ಇದು ಎಸ್‌ಎಂಪಿಎಸ್ ಒಳಗೆ ಕೊಡಬೇಕಾದದ್ದು. ಗೋಡೆಯಿಂದ ಅದು ಎಳೆಯುವುದು ಇದಕ್ಕಿಂತ ಹೆಚ್ಚು: 271 ಭಾಗಿಸು 0.85, ಅಂದರೆ ಸುಮಾರು 319 ವ್ಯಾಟ್. ನಡುವಿನ 48 ವ್ಯಾಟ್ ಎಸ್‌ಎಂಪಿಎಸ್‌ನಲ್ಲೇ ಬಿಸಿಯಾಗಿ ಹೋಗುತ್ತದೆ. ಮಾನಿಟರಿಗೆ 25 ಸೇರಿಸಿದರೆ 344. 230 ವೋಲ್ಟಿನಿಂದ ಭಾಗಿಸಿದರೆ ಪ್ರವಾಹ ಸುಮಾರು 1.5 ಆಂಪಿಯರ್. ದಿನಕ್ಕೆ ಎರಡು ಗಂಟೆ ಆಡಿದರೆ ತಿಂಗಳಿಗೆ 20.6 ಯೂನಿಟ್. ಒಳಗಿನ 271 ವ್ಯಾಟ್ ಕೊನೆಗೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ ‘ಆಟ ಆಗುತ್ತದೆ’ ಎಂಬ ಉತ್ತರ ಬಂತು. ಅದೂ ಕೊನೆಗೆ ಕೋಣೆಯ ಬಿಸಿಯೇ ಆಗುತ್ತದೆ ಎಂದಾಗ ಅವರು ನಂಬಲಿಲ್ಲ. ಉಷ್ಣೋತ್ಪನ್ನ ಪರಿಣಾಮವನ್ನು ಮತ್ತೆ ತೆರೆದು ಓದಿಸಬೇಕಾಯಿತು. ಮೇ ತಿಂಗಳ ಶಿರಾಲಿಯಲ್ಲಿ ಫ್ಯಾನಿನ ಕೆಳಗೂ ಬೆವರುವವರಿಗೆ ಕ್ಯಾಬಿನೆಟ್ಟಿನಲ್ಲಿ ಗಾಳಿಯಾಡುವ ತೂತು ಮುಖ್ಯವೋ ಗಾಜು ಮುಖ್ಯವೋ ಎಂದು ಬಿಡಿಸಿ ಹೇಳಬೇಕಾಗಲಿಲ್ಲ.

ಯುಪಿಎಸ್‌ನ ಲೆಕ್ಕ ಇನ್ನೂ ಸೂಕ್ಷ್ಮ. ಡಬ್ಬಿಯ ಮೇಲೆ 600 ಎಂದು ದೊಡ್ಡದಾಗಿ ಇರುತ್ತದೆ. ಅದು ವೋಲ್ಟ್-ಆಂಪಿಯರ್. ಮನೆಬಳಕೆಯ 600 ವಿಎ ಯುಪಿಎಸ್‌ಗಳು ಸಾಮಾನ್ಯವಾಗಿ ಕೊಡಬಲ್ಲದ್ದು 360 ವ್ಯಾಟ್. ನಮ್ಮ ಹೊರೆ 344. ಆಟದ ನಡುವೆ ಕರೆಂಟು ಹೋದರೆ ತಡೆದುಕೊಂಡೀತು, ಆದರೆ ಬ್ಯಾಟರಿ ಹಳೆಯದಾದ ಮೇಲೆ ಭರವಸೆಯಿಲ್ಲ. 1000 ವಿಎ ಕೊಂಡರೆ ಒಟ್ಟು 68,000. ಮಳೆಗಾಲದಲ್ಲಿ ಗಂಟೆಗೊಮ್ಮೆ ಕರೆಂಟು ಕಣ್ಣಾಮುಚ್ಚಾಲೆ ಆಡುವ ಊರಿನಲ್ಲಿ ಯುಪಿಎಸ್ ಬಿಡುವ ಧೈರ್ಯ ನನಗಂತೂ ಇಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಪಟ್ಟಿ ಮಾಡಿಕೊಡುವವರಿಗೆ ಇದು ಕೊನೆಯ ಸಾಲಾಗಿರಬಹುದು. ಕರಾವಳಿಯವರು ಮೊದಲ ಸಾಲಿನಲ್ಲಿ ಬರೆಯಬೇಕು. ಅರ್ಥಿಂಗ್ ವಿಷಯವೂ ಇಲ್ಲೇ ಬಂತು. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅದರ ರೋಧ ಏರುತ್ತದೆ, ಅರ್ಥಿಂಗ್ ಗುಂಡಿಗೆ ನೀರು ಹೊಯ್ಯುವುದು ಅದಕ್ಕೇ. ಅಜ್ಜ ನೀರು ಹೊಯ್ಯುವುದನ್ನು ನೋಡಿದ್ದವರಿದ್ದರು, ಕಾರಣ ಗೊತ್ತಿದ್ದವರಿರಲಿಲ್ಲ.

ಎಂಟು ಗುಂಪುಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಗ್ರಾಫಿಕ್ಸ್ ಕಾರ್ಡನ್ನೇ ಮುಂದಕ್ಕೆ ಹಾಕಿದ ಗುಂಪು. ರೈಜನ್ 5 5600ಜಿಯ ಒಳಗೇ ಗ್ರಾಫಿಕ್ಸ್ ಇದೆ. ಎರಡು ಪಟ್ಟಿ ರ‍್ಯಾಮ್, ಗುರುತಿನ ಎಸ್‌ಎಂಪಿಎಸ್, ಚಿಕ್ಕ ಯುಪಿಎಸ್ ಸೇರಿ 48,000. ಹೊರೆ ಗರಿಷ್ಠ 187 ವ್ಯಾಟ್ ಆಸುಪಾಸು. 600 ವಿಎ ಯುಪಿಎಸ್‌ಗೆ ಹಗುರ. ವ್ಯಾಲೊರಂಟ್‌ನಂಥ ಹಗುರ ಆಟಗಳು ಇದರಲ್ಲಿ ನಡೆಯುತ್ತವೆ. ಭಾರೀ ಆಟಗಳಿಗೆ ಉಳಿದ 17,000ಕ್ಕೆ ಇನ್ನು 4,000 ಕೂಡಿಸಿ ಮುಂದೊಮ್ಮೆ ಆರ್‌ಎಕ್ಸ್ 6600 ತರಬಹುದು, ಎಸ್‌ಎಂಪಿಎಸ್ ಬದಲಿಸಬೇಕಿಲ್ಲ. ಇಲ್ಲಿ ರ‍್ಯಾಮ್ ಎರಡು ಪಟ್ಟಿಯೇ ಏಕೆ ಎಂಬುದಕ್ಕೂ ಲೆಕ್ಕವಿದೆ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ನೆನಪು ಇಲ್ಲ, ರ‍್ಯಾಮನ್ನೇ ಬಳಸುತ್ತದೆ. 3200ರ ಡಿಡಿಆರ್4 ಪಟ್ಟಿಯೊಂದು ಸೆಕೆಂಡಿಗೆ 3200×8, ಅಂದರೆ 25,600 ಮೆಗಾಬೈಟ್ ಸಾಗಿಸಬಲ್ಲದು. ಎರಡು ಪಟ್ಟಿ ಎರಡು ದಾರಿ: 51,200. ಹದಿನಾರು ಜಿಬಿಯ ಒಂದೇ ಪಟ್ಟಿ ಹಾಕಿದರೆ ಜಾಗ ಅಷ್ಟೇ ಇರುತ್ತದೆ, ಪೈಪು ಅರ್ಧವಾಗುತ್ತದೆ.

ಮಾನಿಟರಿನ ಬಗ್ಗೆ ಒಂದೇ ಮಾತು. 1920×1080ರಲ್ಲಿ 20,73,600 ಬಿಂದುಗಳು, 2560×1440ರಲ್ಲಿ 36,86,400. ಪರದೆ ದೊಡ್ಡದಾದರೆ ಅದರ ಬೆಲೆಯ ಜೊತೆಗೆ ಕಾರ್ಡಿನ ಕೆಲಸವೂ ಸುಮಾರು 1.8 ಪಟ್ಟು ಏರುತ್ತದೆ. ಆದ್ದರಿಂದ ಆಯ್ಕೆ ಶುರುವಾಗಬೇಕಾದದ್ದು ಯಾವ ಆಟ, ಯಾವ ಪರದೆ ಎಂಬಲ್ಲಿಂದ. ಎಂಟರಲ್ಲಿ ಆರು ಗುಂಪುಗಳು ಕ್ಯಾಬಿನೆಟ್ಟಿನಿಂದ ಶುರುಮಾಡಿದ್ದವು!

ಮೌಲ್ಯಮಾಪನ ಮತ್ತು ಒಂದು ಆಕ್ಷೇಪ

ಒಂದೇ ಸರಿಯುತ್ತರವಿಲ್ಲದ ಚಟುವಟಿಕೆಗೆ ಅಂಕ ಕೊಡುವುದು ಹೇಗೆ ಎಂಬ ಪ್ರಶ್ನೆ ಪ್ರಶಿಕ್ಷಣಾರ್ಥಿಗಳಲ್ಲಿ ಯಾವಾಗಲೂ ಇರುತ್ತದೆ. ಹತ್ತು ಅಂಕಗಳಲ್ಲಿ ಕೂಡುವ ಲೆಕ್ಕಕ್ಕೆ ಒಂದೇ ಇಟ್ಟೆ. ಭಾಗಗಳ ಹೊಂದಾಣಿಕೆಗೆ ಎರಡು, ಸಾಮರ್ಥ್ಯ ಮತ್ತು ದಕ್ಷತೆಯ ಲೆಕ್ಕಕ್ಕೆ ನಾಲ್ಕು. ಉಳಿದ ಮೂರು ‘ನಾವು ಇದನ್ನು ಬಿಟ್ಟೆವು, ಏಕೆಂದರೆ’ ಎಂದು ಶುರುವಾಗುವ ವಾಕ್ಯಗಳಿಗೆ. ಕೊಂಡದ್ದಕ್ಕೆ ಕಾರಣ ಎಲ್ಲರೂ ಬರೆಯುತ್ತಾರೆ. ಬಿಟ್ಟದ್ದಕ್ಕೆ ಕಾರಣ ಬರೆಯುವಾಗಲೇ ಮಗು ಏಕಮಾನದ ಕಡೆ ತಿರುಗುತ್ತದೆ.

ಪಾಠ ವೀಕ್ಷಿಸಿದ ಮಾರ್ಗದರ್ಶಕ ಶಿಕ್ಷಕರು ಎರಡು ಮಾತು ಬರೆದರು. ಮೊದಲನೆಯದು, ತರಗತಿಯಲ್ಲಿ ಆಟಕ್ಕೆ ಪ್ರೋತ್ಸಾಹ ಕೊಟ್ಟಂತಾಗದೇ ಎಂದು. ಬೆಂಗಳೂರಿನಲ್ಲಿ ಧ್ರುವ ಇಂಟರ್‌ಆಕ್ಟಿವ್ ಎಂಬ ಆಟ ತಯಾರಿಕಾ ಸಂಸ್ಥೆ ಶುರುವಾದದ್ದು 1997ರಲ್ಲಿ. ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ರಾಜ್ಯ ಸರ್ಕಾರ 2012ರಲ್ಲೇ ನೀತಿ ತಂದಿತು. ಆಟ ಇಲ್ಲಿ ಉದ್ಯೋಗವೂ ಹೌದು ಎಂದು ಉತ್ತರಿಸಿದೆ. ಎರಡನೆಯದು ಹೆಚ್ಚು ಗಟ್ಟಿಯಾದ ಆಕ್ಷೇಪ: ಕಂಪ್ಯೂಟರ್ ಕೊಳ್ಳುವ ಮಾತೇ ಇಲ್ಲದ ಮನೆಯ ಮಕ್ಕಳಿಗೆ ಈ ಪಾಠ ಏನು ಕೊಡುತ್ತದೆ? ತರಗತಿಯ ಹೆಚ್ಚಿನವರು ಅಂಥ ಮನೆಯವರೇ. ಆ ದಿನದ ಮನೆಗೆಲಸವನ್ನು ಅದಕ್ಕಾಗಿಯೇ ಬದಲಿಸಿದೆ. ಮನೆಯ ಮಿಕ್ಸಿ, ಟಿವಿ, ಪಂಪು, ಯಾವುದಾದರೂ ಒಂದರ ತಗಡಿನ ಮೇಲಿನ ಬರಹವನ್ನು ಪೂರ್ತಿ ನಕಲು ಮಾಡಿ ತರಬೇಕು. ಪ್ರತಿ ಸಂಖ್ಯೆಗೂ ಏಕಮಾನ ಗುರುತಿಸಬೇಕು. ಏಕಮಾನವಿಲ್ಲದವನ್ನು ಬೇರೆ ಸಾಲಿನಲ್ಲಿ ಬರೆಯಬೇಕು. ಮಾರನೆಯ ದಿನ ಬಂದ ಹಾಳೆಗಳಲ್ಲಿ ದೋಣಿಯ ಎಂಜಿನ್ನಿನ ಎಚ್‌ಪಿ ಇತ್ತು, ಇನ್ವರ್ಟರಿನ ವಿಎ ಇತ್ತು, ಎರಡನೆಯ ಸಾಲಿನಲ್ಲಿ ಮಿಕ್ಸಿಯ ಮೇಲಿನ ‘ಸೂಪರ್ 3’ ಇತ್ತು.

ಈ ಪಾಠವನ್ನು ಮಾಡಬಯಸುವವರು ನನ್ನ ಬೆಲೆಪಟ್ಟಿಯನ್ನು ಹಾಗೆಯೇ ಬಳಸಬಾರದು. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಏರಿದ ರಭಸ ನೋಡಿದವರಿಗೆ ಕಾರಣ ಗೊತ್ತಿದೆ. ಬೆಲೆಯ ಕಂಬಸಾಲನ್ನು ಖಾಲಿ ಬಿಟ್ಟು, ಆ ವಾರದ ಬೆಲೆಯನ್ನು ಮಕ್ಕಳಿಂದಲೇ ವಿಚಾರಿಸಿ ತುಂಬಿಸಿ. ಒಟ್ಟು ಮೊತ್ತದ ಮಿತಿಯನ್ನು ಮಾತ್ರ, ಎಲ್ಲ ಒಳ್ಳೆಯ ಭಾಗಗಳೂ ಸೇರಿದಾಗ ಐನೂರು ಸಾವಿರ ಕಡಿಮೆ ಬೀಳುವಂತೆ, ನೀವೇ ಇಡಿ.