ಅಳೆದು ತೂಗಿದ ಮದ್ದು: ಒಂದು ಪದಾಧ್ಯಯನ

ವಿವೇಚನೆಯಿಂದ ಆಡಿದ ಮಾತನ್ನು ಕನ್ನಡಿಗರು ‘ಅಳೆದು ತೂಗಿ ಆಡಿದ ಮಾತು’ ಎನ್ನುತ್ತಾರೆ. ಅಳೆಯುವುದು, ತೂಗುವುದು ಎಂಬ ಎರಡು ಕ್ರಿಯೆಗಳು ಇಲ್ಲಿ ಜೋಡಿಯಾಗಿ ಬಂದಿವೆ. ಮೇಲ್ನೋಟಕ್ಕೆ ಇದು ಒಂದೇ ಅರ್ಥದ ಪುನರುಕ್ತಿಯಂತೆ ತೋರಬಹುದು. ಆದರೆ ಅಳೆಯುವುದು ಬೇರೆ, ತೂಗುವುದು ಬೇರೆ. ಈ ಭೇದವನ್ನು ಮರೆತರೆ ಒದಗಬಹುದಾದ ಅಪಾಯಕ್ಕೆ ಕೋವಿಯ ಮದ್ದನ್ನು ಚಮಚದಿಂದ ಅಳೆಯುವ ಪದ್ಧತಿ ಒಳ್ಳೆಯ ನಿದರ್ಶನ.

‘ಮದ್ದು’ ಪದದ ಎರಡು ಬಾಳು

ಹಳಗನ್ನಡದಲ್ಲಿ ಈ ಪದದ ರೂಪ ‘ಮರ್ದು’, ಅರ್ಥ ಔಷಧ. ತುಳುವಿನಲ್ಲಿ ಇಂದಿಗೂ ‘ಮರ್ದು’ ಎಂಬ ರೂಪವೇ ಉಳಿದಿದೆ. ತಮಿಳಿನಲ್ಲಿ ‘ಮರುಂದು’, ತೆಲುಗಿನಲ್ಲಿ ‘ಮಂದು’, ಮಲಯಾಳದಲ್ಲಿ ‘ಮರುನ್ನು’ ಇದರ ಜ್ಞಾತಿಪದಗಳು. ಸಿಡಿಯುವ ಪುಡಿ ದಕ್ಷಿಣಕ್ಕೆ ಬಂದಾಗ ಈ ಭಾಷೆಗಳು ಅದಕ್ಕೆ ಹೊಸ ಪದವನ್ನು ಹುಡುಕಲಿಲ್ಲ. ವೈದ್ಯನ ಪುಡಿಗಿದ್ದ ಹೆಸರನ್ನೇ ಕೊಟ್ಟವು. ಕೊಯಮತ್ತೂರಿನ ದಕ್ಷಿಣಕ್ಕಿರುವ ಕುರಿಚಿಯ ಸುತ್ತಮುತ್ತ ಕನ್ನಡ ಮನೆಮಾತಿನವರೂ ತಮಿಳರೂ ನೆರೆಹೊರೆಯಾಗಿ ಬಾಳುತ್ತಾರೆ. ಅಂಥಲ್ಲಿ ಕನ್ನಡದ ‘ಸಿಡಿಮದ್ದು’ ಮತ್ತು ತಮಿಳಿನ ‘ವೆಡಿಮರುಂದು’ ಒಂದೇ ಕಲ್ಪನೆಯ ಎರಡು ಉಚ್ಚಾರಣೆಗಳಾಗಿ ಕೇಳಿಸುತ್ತವೆ. ಕರ್ನಾಟಕದಲ್ಲಿ ಶ್ರೀರಂಗಪಟ್ಟಣದ ಮದ್ದಿನ ಮನೆಗಳೂ ಚಿತ್ರದುರ್ಗದ ಕೋಟೆಯಲ್ಲಿರುವ ಮದ್ದು ಬೀಸುವ ಭಾರೀ ಕಲ್ಲುಗಳೂ ಈ ಎರಡನೆಯ ಅರ್ಥಕ್ಕೆ ಸಾಕ್ಷಿಯಾಗಿ ನಿಂತಿವೆ.

ಎರಡೂ ಅರ್ಥಗಳಿಗೆ ಸಮಾನವಾದ ಅಂಶ ಒಂದಿದೆ. ಪ್ರಮಾಣ ಮೀರಿದರೆ ಎರಡೂ ಬಳಸಿದವನನ್ನೇ ಕೊಲ್ಲಬಲ್ಲವು.

ಅಳತೆ ಮತ್ತು ತೂಕ

ಪಾವು, ಸೇರು, ಬಳ್ಳ, ಕೊಳಗ ಇವು ಧಾನ್ಯವನ್ನು ತುಂಬಿ ಅಳೆಯುವ ಪಾತ್ರೆಗಳು. ಗುಲಗಂಜಿ, ತೊಲ, ಮಣ ಇವು ತಕ್ಕಡಿಯ ಮಾನಗಳು. ಮೊದಲನೆಯ ಗುಂಪು ಪದಾರ್ಥವು ಎಷ್ಟು ಜಾಗ ಹಿಡಿಯುತ್ತದೆಂದು ಹೇಳುತ್ತದೆ. ಎರಡನೆಯದು ಅದು ಎಷ್ಟು ಭಾರವೆಂದು ಹೇಳುತ್ತದೆ. ಒಂದು ಸೇರು ಪುರಿಯೂ ಒಂದು ಸೇರು ರಾಗಿಯೂ ಅಳತೆಯಲ್ಲಿ ಸಮ, ತೂಕದಲ್ಲಿ ಅಲ್ಲ. ಒಂದೇ ರಾಗಿಯಾದರೂ ಸೇರನ್ನು ಕುಲುಕಿ ತುಂಬಿದಾಗ ಹೆಚ್ಚು ಹಿಡಿಯುತ್ತದೆ, ಮೆಲ್ಲಗೆ ಸುರಿದಾಗ ಕಡಿಮೆ. ರಾಶಿಯಾಗಿ ತುಂಬಿದ ಸೇರಿಗೂ ತಲೆ ಸವರಿದ ಸೇರಿಗೂ ಇರುವ ವ್ಯತ್ಯಾಸಕ್ಕಾಗಿ ಸಂತೆಯಲ್ಲಿ ಜಗಳಗಳೇ ಆಗುತ್ತಿದ್ದವು. ಆದರೆ ಅಲ್ಲಿ ನಷ್ಟವಾಗುತ್ತಿದ್ದುದು ಒಂದು ಹಿಡಿ ಧಾನ್ಯ ಮಾತ್ರ.

ಕೋವಿ ಮತ್ತು ಚಮಚ

ಕೋವಿ ಎಂದೊಡನೆ ಕನ್ನಡನಾಡಿನಲ್ಲಿ ಕೊಡಗು ನೆನಪಾಗುತ್ತದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಅಲ್ಲಿ ಆಯುಧಗಳಿಗೆ ಪೂಜೆ ನಡೆಯುತ್ತದೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ಏರ್ಪಡುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೆಲವು ಬಗೆಯ ಕೋವಿಗಳ ಪರವಾನಿಗೆಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಆದರೆ ಕೋವಿ ಹೊಂದುವುದು ಒಂದು ವಿಷಯ, ಮದ್ದುಗುಂಡು ತಯಾರಿಸುವುದು ಇನ್ನೊಂದು. ಪರವಾನಿಗೆಯಿಲ್ಲದೆ ಮದ್ದುಗುಂಡು ತಯಾರಿಸುವುದನ್ನು 1959ರ ಆಯುಧ ಕಾಯ್ದೆಯ 5ನೆಯ ಪ್ರಕರಣವು ನಿಷೇಧಿಸುತ್ತದೆ.

ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಗಳ ಕಾಲದಲ್ಲಿ ಲೋಕದೆಲ್ಲೆಡೆ ಬಳಕೆಯಲ್ಲಿದ್ದುದು ಕರಿಮದ್ದು. ಬೇಟೆಗಾರನು ಅದನ್ನು ಒಂದು ಪುಟ್ಟ ಪಾತ್ರೆಯಲ್ಲಿ ಅಳೆದು ನಳಿಗೆಗೆ ಸುರಿಯುತ್ತಿದ್ದನು. ಕಾಡಿಗೆ ತಕ್ಕಡಿ ಒಯ್ಯುವಂತಿರಲಿಲ್ಲ. ಅಲ್ಪಸ್ವಲ್ಪ ವ್ಯತ್ಯಾಸವನ್ನು ಕರಿಮದ್ದು ಸಾಮಾನ್ಯವಾಗಿ ಸೈರಿಸಿಕೊಳ್ಳುತ್ತಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆರಹಿತ ಮದ್ದನ್ನು ರೂಪಿಸಿದ ಮೇಲೆ ಸ್ಥಿತಿ ಬದಲಾಯಿತು. ಹೊಸ ಮದ್ದಿನ ಶಕ್ತಿ ಕರಿಮದ್ದಿಗಿಂತ ಬಹಳ ಹೆಚ್ಚು. ಅದರಲ್ಲಿಯೂ ನೂರಾರು ಬಗೆಗಳಿದ್ದು, ಒಂದರ ಸಾಂದ್ರತೆ, ಉರಿಯುವ ವೇಗ ಇನ್ನೊಂದಕ್ಕಿಲ್ಲ. ಕರಿಮದ್ದಿಗೆ ಸರಿಯಾದ ಚಮಚದಲ್ಲಿ ಹೊಸ ಮದ್ದನ್ನು ತುಂಬಿದರೆ ನಳಿಗೆ ಸಿಡಿಯಬಹುದು.

ಅಮೆರಿಕದಲ್ಲಿ ಬಳಸಿದ ತೋಟೆಗಳನ್ನು ಮನೆಯಲ್ಲಿಯೇ ಮತ್ತೆ ತುಂಬುವ ಹವ್ಯಾಸ ಕಾನೂನುಬದ್ಧವಾಗಿದೆ. ಅಲ್ಲಿ ಇಂದಿಗೂ ಘನ ಸೆಂಟಿಮೀಟರಿನ ಗುರುತುಳ್ಳ ಚಮಚಗಳು ಮಾರಾಟವಾಗುತ್ತವೆ. ಚಮಚವು ತಾನಾಗಿ ತೂಕವನ್ನು ಹೇಳಲಾರದು. ಆದ್ದರಿಂದ ಯಾವ ಮದ್ದು ಯಾವ ಚಮಚದಲ್ಲಿ ಎಷ್ಟು ತೂಗುತ್ತದೆಂಬ ಕೋಷ್ಟಕ ಅದರ ಜೊತೆಗೇ ಬರುತ್ತದೆ. ಅನುಭವಿಗಳು ಪ್ರತಿ ಸಲವೂ ಒಂದೇ ರೀತಿಯಲ್ಲಿ ತುಂಬುತ್ತಾರೆ, ಅದುಮದೆ ತಲೆ ಸವರುತ್ತಾರೆ, ಬಳಿಕ ತಕ್ಕಡಿಯಲ್ಲಿ ಪರೀಕ್ಷಿಸುತ್ತಾರೆ. ಅಳೆದು, ತೂಗುತ್ತಾರೆ.

ಹಳೆಯ ಪದ, ಹೊಸ ವಸ್ತು

ಇಂಗ್ಲಿಷಿನ ‘ಡ್ರಾಮ್’ ಎಂಬ ಮಾನದ ಕಥೆ ಇಲ್ಲಿ ಗಮನಾರ್ಹ. ನಮ್ಮ ‘ಮದ್ದು’ ಪದದಂತೆಯೇ ಅದೂ ಔಷಧಕ್ಕೂ ಕೋವಿಗೂ ಬಳಕೆಯಾಯಿತು. ಆದರೆ ಔಷಧ ವ್ಯಾಪಾರಿಯ ಡ್ರಾಮ್ ಸುಮಾರು 3.89 ಗ್ರಾಂ, ಮದ್ದಿನ ಡ್ರಾಮ್ ಸುಮಾರು 1.77 ಗ್ರಾಂ. ಹೊಗೆರಹಿತ ಮದ್ದು ಬಂದ ಬಳಿಕ ತೋಟೆಯ ಪೆಟ್ಟಿಗೆಗಳ ಮೇಲೆ ‘ಡ್ರಾಮ್ ಸಮಾನ’ ಎಂದು ಅಚ್ಚಾಗತೊಡಗಿತು. ‘ಮೂರು ಡ್ರಾಮ್ ಸಮಾನ’ ಎಂದರೆ ಒಳಗೆ ಮೂರು ಡ್ರಾಮ್ ಮದ್ದಿದೆಯೆಂದಲ್ಲ. ಮೂರು ಡ್ರಾಮ್ ಕರಿಮದ್ದು ಕೊಡುತ್ತಿದ್ದ ವೇಗವನ್ನು ಈ ತೋಟೆ ಕೊಡುತ್ತದೆಂದು. ‘ಸಮಾನ’ ಎಂಬ ಒಂದು ಪದವನ್ನು ಕಡೆಗಣಿಸಿ ಅಷ್ಟೇ ಹೊಸ ಮದ್ದನ್ನು ತುಂಬಿದವನ ಕೈಯೋ ಕಣ್ಣೋ ಹೋದೀತು.

ಭಾಷಾಧ್ಯಯನದಲ್ಲಿ ಅರ್ಥಪಲ್ಲಟವೆಂದು ಕರೆಯುವ ಸಂಗತಿಗೆ ಇಷ್ಟು ನೇರವಾದ ಪರಿಣಾಮವಿರುವ ಉದಾಹರಣೆ ವಿರಳ. ವಸ್ತು ಬದಲಾದರೂ ಹೆಸರು ಉಳಿಯುತ್ತದೆ. ಹಳೆಯ ಹೆಸರಿನ ನಂಬಿಕೆಯಿಂದ ಹೊಸ ವಸ್ತುವನ್ನು ಬಳಸಿದವನು ಮೋಸಹೋಗುತ್ತಾನೆ. ನಿಘಂಟು ಪದದ ಹರವನ್ನು ಅಳೆದುಕೊಡುತ್ತದೆ. ಅದರ ಭಾರವನ್ನು ಸಂದರ್ಭದ ತಕ್ಕಡಿಯಲ್ಲಿಯೇ ತೂಗಬೇಕು.

ಅಭ್ಯಾಸ

1. ‘ಮರ್ದು’ ಪದವು ‘ಮದ್ದು’ ಆಗುವಲ್ಲಿ ನಡೆದ ಧ್ವನಿವ್ಯತ್ಯಾಸವನ್ನು ಗುರುತಿಸಿ, ಅದೇ ಬಗೆಯ ಇನ್ನೆರಡು ಪದಗಳನ್ನು ಕೊಡಿ.
2. ನಿಮ್ಮ ಮನೆಯ ಹಿರಿಯರಿಂದ ಐದು ಅಳತೆಯ ಪದಗಳನ್ನೂ ಐದು ತೂಕದ ಪದಗಳನ್ನೂ ಸಂಗ್ರಹಿಸಿ. ಯಾವ ಪದ ಎರಡೂ ಗುಂಪಿಗೆ ಸೇರುತ್ತದೆ?
3. ‘ತೂಗು’ ಧಾತುವು ತೊಟ್ಟಿಲಿಗೂ ತಕ್ಕಡಿಗೂ ಸಲ್ಲುವುದೇಕೆ? ವಿವೇಚಿಸಿ.