ಕೂತಲ್ಲಿ ಕೂರದವಳ ಪೂಜೆ

ಹರಕೆ ಹೊರುವುದರಲ್ಲಿ ನನ್ನನ್ನು ಮೀರಿಸುವವರು ಅಂಕೋಲೆಯಲ್ಲೂ ಸಿಗಲಿಕ್ಕಿಲ್ಲ, ಕಾರವಾರದಲ್ಲೂ ಸಿಗಲಿಕ್ಕಿಲ್ಲ. ಮಗನಿಗೆ ಜ್ವರ ಬಂದರೆ ಅವರ್ಸಾದ ಕಾತ್ಯಾಯನಿಗೆ ಉಡಿ, ಗಂಡನ ವರ್ಗಾವಣೆ ನಿಂತರೆ ಗೋಕರ್ಣದ ಮಹಾಗಣಪತಿಗೆ ಪೂಜೆ, ಕಳೆದ ಬೀಗದಕೈ ಸಿಕ್ಕಿದರೂ ಸಾಕು, ಕೂರ್ಮಗಡದ ನರಸಿಂಹನಿಗೊಂದು ಬಾಳೆಗೊನೆ. ಹೊರುವ ಗಳಿಗೆಯಲ್ಲಿ ಭಕ್ತಿಗೇನೂ ಕಡಿಮೆಯಿಲ್ಲ. ಕಷ್ಟ ಕಳೆದದ್ದೇ ತಡ, ಹರಕೆಯೂ ತಲೆಯಿಂದ ಇಳಿದುಹೋಗುತ್ತದೆ. ಕೂರ್ಮಗಡದ ಜಾತ್ರೆ ಪುಷ್ಯ ಹುಣ್ಣಿಮೆಗೆ. ದೋಣಿ ಹತ್ತಿ ದ್ವೀಪಕ್ಕೆ ಹೋಗಬೇಕು. ಆ ದಿನ ತಪ್ಪಿತೆಂದರೆ ಮತ್ತೆ ಮರುವರ್ಷದ ಮಾತು.

ತವರಲ್ಲಿ ಆಯಿ ನನ್ನ ಈ ಮರೆವನ್ನು ‘ಲಕ್ಷ್ಯ ಇಲ್ಲ’ ಎನ್ನುತ್ತಿದ್ದಳು. ಮದುವೆಯಾಗಿ ಕಾರವಾರಕ್ಕೆ ಬಂದ ಮೇಲೆ ಅತ್ತೆ ‘ಶ್ರದ್ಧೆ ಸಾಲದು’ ಎಂದರು. ನಾನೂ ಅದನ್ನೇ ನಂಬಿಕೊಂಡು ನಲವತ್ತು ದಾಟಿದೆ.

ಶಾಲೆಯವರ ದೂರು ತಾಳಲಾರದೆ ಮಗನನ್ನು ಧಾರವಾಡಕ್ಕೆ ಕರೆದುಕೊಂಡು ಹೋದೆವು. ವೈದ್ಯರು ಅವನ ಬಗ್ಗೆ ಕೇಳಿದ್ದಕ್ಕೆಲ್ಲ ‘ನಾನೂ ಹಾಗೇ’ ಎಂದು ನಡುವೆ ಬಾಯಿ ಹಾಕುತ್ತಲೇ ಇದ್ದೆ. ಕೊನೆಗೆ ಅವರು ನಕ್ಕು, ‘ನಿಮ್ಮ ಹೆಸರಿಗೂ ಒಂದು ಚೀಟಿ ಮಾಡಿಸಿ’ ಎಂದರು. ದೊಡ್ಡವರಲ್ಲಿ ಎಡಿಎಚ್‌ಡಿ (ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಇದೆಯೆನ್ನಲು ಒಂದು ಅಳತೆಯಿದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ ಗಮನ ಕೊರತೆಯ ಒಂಬತ್ತು ಲಕ್ಷಣಗಳಲ್ಲಿ ಐದಾದರೂ ಇರಬೇಕು, ಕೆಲವಾದರೂ 12 ವರ್ಷದೊಳಗೇ ಕಂಡಿರಬೇಕು, ಮನೆ, ಕಚೇರಿ ಎನ್ನದೆ ಒಂದಕ್ಕಿಂತ ಹೆಚ್ಚು ಕಡೆ ಕಾಡಬೇಕು. ಥೈರಾಯ್ಡ್, ನಿದ್ದೆ, ಖಿನ್ನತೆ ಎಲ್ಲ ವಿಚಾರಿಸಿದರು. ಬಾಲ್ಯದ ಸಂಗತಿ ತಿಳಿಯಲು ಆಯಿಗೇ ಫೋನು ಮಾಡಿಸಿದರು. ಆಯಿ ನನ್ನ ಮೇಲಿನ ದೂರನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದಳು. ಅಷ್ಟು ವರ್ಷ ಬೈದದ್ದು ಕಡೆಗೂ ಉಪಯೋಗಕ್ಕೆ ಬಂತು.

ನನಗೂ ಈ ತೊಂದರೆ ಇದೆಯೆಂಬ ಮಾತು ಮಾವನವರಿಗೆ ಒಪ್ಪಿಗೆಯಾಗಲಿಲ್ಲ. ‘ಮನಸ್ಸು ಚಂಚಲ ಅಂತ ಅರ್ಜುನನೇ ಕೃಷ್ಣನ ಹತ್ತಿರ ದೂರಿದ್ದಾನೆ. ಎಲ್ಲರಿಗೂ ಇದ್ದದ್ದೇ’ ಎಂದರು. ಇರಬಹುದು. ಆದರೆ ಮರದ ಮೇಲಿನ ಹಕ್ಕಿಯ ಕಣ್ಣೊಂದೇ ಕಾಣುತ್ತದೆ ಎಂದವನೂ ಇದೇ ಅರ್ಜುನ ತಾನೇ? ನನಗಾದರೆ ಹಕ್ಕಿ, ಕೊಂಬೆ, ಕೊಂಬೆಗೆ ಸಿಕ್ಕ ಗಾಳಿಪಟ, ಅದನ್ನು ಯಾವ ಅಂಗಡಿಯಲ್ಲಿ ತಂದಿರಬಹುದು ಎಂಬುದು, ಎಲ್ಲವೂ ಒಟ್ಟಿಗೇ ಕಾಣುತ್ತವೆ.

ಕಣ್ಮುಚ್ಚಿ ಕೂತು ಮಾಡುವ ಜಪ ನನ್ನಿಂದ ಆಗದು. ಮಣಿ ಎಣಿಸುತ್ತ ಮೂರನೆಯದಕ್ಕೇ ಅಡುಗೆಮನೆಯಲ್ಲಿರುತ್ತೇನೆ, ಕೆಲವೊಮ್ಮೆ ನಿಜವಾಗಿಯೇ. ಆದರೆ ಶ್ರಾವಣದ ಚೂಡಿ ಪೂಜೆಗೆ ನನ್ನನ್ನು ಯಾರೂ ಕರೆಯಬೇಕಾಗಿಲ್ಲ. ನಮ್ಮ ಜಿಎಸ್‌ಬಿ (ಗೌಡ ಸಾರಸ್ವತ ಬ್ರಾಹ್ಮಣ) ಮನೆಗಳಲ್ಲಿ ಮುತ್ತೈದೆಯರು ಶ್ರಾವಣದ ಶುಕ್ರವಾರ, ಭಾನುವಾರ ಹೂವು–ಗರಿಕೆಗಳ ಪುಟ್ಟ ಕಟ್ಟು ಕಟ್ಟಿ ತುಳಸಿಗೆ, ಹೊಸ್ತಿಲಿಗೆ ಪೂಜೆ ಮಾಡುತ್ತಾರೆ. ಮಳೆ ಹೊಳವಾದದ್ದು ನೋಡಿ ಹಿತ್ತಲಿಗಿಳಿಯಬೇಕು. ಗರಿಕೆ, ರತ್ನಗಂಧಿ, ಶಂಖಪುಷ್ಪ. ಜೊತೆಗೆ ಕಾಗೆಯ ಕಣ್ಣು, ಬೆಕ್ಕಿನ ಉಗುರು ಎಂದೆಲ್ಲ ಕೊಂಕಣಿಯಲ್ಲಿ ಕರೆಸಿಕೊಳ್ಳುವ ಕಳೆಗಿಡಗಳು. ಎಲ್ಲವನ್ನೂ ಒಂದೊಂದು ಎಸಳಿನಂತೆ ಹೊಂದಿಸಿ, ನೆನೆಸಿದ ಬಾಳೆನಾರಿನಿಂದ ಬಿಗಿಯಬೇಕು. ಬಿಗಿ ಹೆಚ್ಚಾದರೆ ದಂಟು ಮುರಿಯುತ್ತದೆ, ಸಡಿಲಾದರೆ ಪೂಜೆಗೆ ಮೊದಲೇ ಉದುರುತ್ತದೆ. ಪೂಜೆಯಾದ ಮೇಲೆ ಹಿರಿಯರಿಗೆ ಕೊಟ್ಟು ನಮಸ್ಕಾರ. ದೂರದ ನೆಂಟರಿಗೆ ಲಕೋಟೆಯಲ್ಲಿಟ್ಟು ಅಂಚೆಗೆ. ಈ ಕೆಲಸಕ್ಕೆ ಕೂತರೆ ಊಟದ ಹೊತ್ತು ಮೀರಿದ್ದೂ ಗೊತ್ತಾಗುವುದಿಲ್ಲ. ವೈದ್ಯರಿಗೆ ಹೇಳಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ: ಈ ತೊಂದರೆಯಲ್ಲಿ ಗಮನ ಇಲ್ಲವೆಂದಲ್ಲ, ಅದು ಹೇಳಿದ ಕಡೆ ಹೋಗುವುದಿಲ್ಲ, ಹೋದ ಕಡೆಯಿಂದ ಕರೆದರೆ ಬರುವುದಿಲ್ಲ.

ಭಜನಾ ಸಪ್ತಾಹವೂ ಅಷ್ಟೇ. ಹಗಲೂ ರಾತ್ರಿ ಏಳು ದಿನ ಭಜನೆ ನಿಲ್ಲಬಾರದು. ಯಾವ ತಂಡಕ್ಕೆ ಯಾವ ಹೊತ್ತು ಎಂಬ ಪಟ್ಟಿ ದೇವಸ್ಥಾನದ ಗೋಡೆಯ ಮೇಲಿರುತ್ತದೆ. ನಡುವೆ ದೀಪ, ಸುತ್ತ ತಾಳ ಹಿಡಿದು ಹೆಜ್ಜೆ ಹಾಕುವ ಜನ. ಕೈ, ಕಾಲು, ಗಂಟಲು ಮೂರಕ್ಕೂ ಕೆಲಸ ಬಿದ್ದಾಗ ಮನಸ್ಸಿಗೆ ಓಡಲು ದಾರಿ ಸಿಗುವುದಿಲ್ಲ. ನಾನು ಹೋಗದಿದ್ದರೆ ಭಜನೆ ಕಡಿಯುತ್ತದೆ ಎಂಬ ಹೆದರಿಕೆಗೆ ಕಾಲು ತಾನಾಗಿಯೇ ದೇವಸ್ಥಾನದ ಕಡೆ ನಡೆಯುತ್ತದೆ.

ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲದ ಈ ಪೇಚು ನಮಗೆ ಮಾತ್ರ ಎಂದುಕೊಂಡಿದ್ದೆ. ಯಹೂದಿಗಳ ಸಂಗತಿ ಓದಿದ ಮೇಲೆ ಸಮಾಧಾನವಾಯಿತು. ಅವರಿಗೆ ದಿನಕ್ಕೆ ಮೂರು ಹೊತ್ತು ನಿಂತು ಮಾಡುವ ಪ್ರಾರ್ಥನೆ ಕಡ್ಡಾಯ. ಅದರಲ್ಲಿ ಮನಸ್ಸೂ ಇರಬೇಕು, ಕೊನೇಪಕ್ಷ ಮೊದಲ ಭಾಗದಲ್ಲಾದರೂ. ಇಲ್ಲದಿದ್ದರೆ ಮತ್ತೆ ಮೊದಲಿನಿಂದ ಹೇಳಬೇಕೆಂಬುದು ಹಳೆಯ ವಿಧಿ. 16ನೇ ಶತಮಾನದಲ್ಲಿ ಪೋಲೆಂಡಿನ ಕ್ರಾಕೋವ್ ನಗರದಲ್ಲಿದ್ದ ಮೋಶೆ ಇಸ್ಸರ್ಲೆಸ್ ಎಂಬ ಧರ್ಮಪಂಡಿತರು ಇದಕ್ಕೆ ಟಿಪ್ಪಣಿ ಬರೆದು, ಈಗ ಮತ್ತೆ ಹೇಳುವ ಪದ್ಧತಿಯಿಲ್ಲ, ಎರಡನೇ ಸಲ ಹೇಳಿದರೂ ಮನಸ್ಸು ನಿಲ್ಲುವುದು ಅನುಮಾನ ಎಂದುಬಿಟ್ಟರು! ಎಂಥ ಅನುಭವಸ್ಥರು. ನಮ್ಮಲ್ಲೂ ಸಂಧ್ಯಾವಂದನೆಗೆ ಹೊತ್ತು ಮೀರಿದವರು ಪ್ರಾಯಶ್ಚಿತ್ತವಾಗಿ ಒಂದು ಅರ್ಘ್ಯ ಹೆಚ್ಚು ಕೊಟ್ಟರಾಯಿತು. ಪೂಜೆಯ ಕೊನೆಗೆ ಮಂತ್ರ ತಪ್ಪಿದ್ದಕ್ಕೂ ಕ್ರಿಯೆ ಬಿಟ್ಟದ್ದಕ್ಕೂ ಒಟ್ಟಿಗೇ ಕ್ಷಮೆ ಕೇಳುವ ಶ್ಲೋಕ ಸಿದ್ಧವೇ ಇದೆ. ಎಲ್ಲರ ಗಮನವೂ ನೆಟ್ಟಗಿದ್ದಿದ್ದರೆ ಇದೆಲ್ಲ ಯಾರಿಗೆ ಬೇಕಿತ್ತು?

ಹೀಗಾಗಿ ಅತ್ತೆಯ ಹತ್ತಿರ ಒಂದು ಒಪ್ಪಂದ ಮಾಡಿಕೊಂಡೆ. ಜಪ ಅವರದು, ಹೂ ಕೊಯ್ಯುವುದು, ರಂಗೋಲಿ, ಚವತಿಗೆ ಫಲಾವಳಿ ಕಟ್ಟುವುದು ನನ್ನದು. ಎಣ್ಣೆ, ಬತ್ತಿ, ಬೆಂಕಿಪೊಟ್ಟಣ ಕಪಾಟಿನೊಳಗೆ ಹೋದರೆ ನನ್ನ ಪಾಲಿಗೆ ಇಲ್ಲದಂತೆಯೇ, ಆದ್ದರಿಂದ ತಟ್ಟೆಯಲ್ಲಿ ಎದುರಿಗೇ. ದೇವರ ಮುಂದೆ ಕೂರುವುದು ಊದುಬತ್ತಿ ಉರಿದು ಮುಗಿಯುವ ತನಕ. ಗಡಿಯಾರದ ಮುಳ್ಳು ನನಗೆ ಏನೂ ಹೇಳುವುದಿಲ್ಲ, ಕುಗ್ಗುತ್ತಿರುವ ಕಡ್ಡಿ ಹೇಳುತ್ತದೆ. ಪ್ರದಕ್ಷಿಣೆ ಹಾಕುವಾಗ ಸುತ್ತಿಗೊಂದು ಹೂವು ಇಡುತ್ತೇನೆ. ಹರಕೆಗಂತೂ ಹಳೆಯ ಮುಡಿಪೇ ಸೈ: ಹಳದಿ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರ ಗೂಡಿನ ಮೊಳೆಗೆ ನೇತುಹಾಕುವುದು. ಮೊಳೆ ಖಾಲಿಯಾಗುವ ತನಕ ಹೊಸ ಹರಕೆ ಇಲ್ಲ.

ಆದರೂ ಮಾತ್ರೆ ಬೇಕೇ ಬೇಕು. ಭಜನೆಯಿಂದ ಬ್ಯಾಂಕಿನ ಕಂತು ನೆನಪಾಗುವುದಿಲ್ಲ. ವೈದ್ಯರು ಬರೆದುಕೊಟ್ಟ ಮೀಥೈಲ್‌ಫೆನಿಡೇಟ್ ನಮ್ಮ ದೇಶದಲ್ಲಿ ಶೆಡ್ಯೂಲ್ ಎಕ್ಸ್ ಔಷಧಿ. ವೈದ್ಯರ ಚೀಟಿ ಎರಡು ಪ್ರತಿ ಬೇಕು. ಒಂದನ್ನು ಅಂಗಡಿಯವರು ಎರಡು ವರ್ಷ ಕಾದಿಡಬೇಕು. ಅದಕ್ಕೆ ಪ್ರತ್ಯೇಕ ಪರವಾನಗಿಯೂ ಬೇಕಾದ್ದರಿಂದ ಹೆಚ್ಚಿನ ಅಂಗಡಿಗಳವರು ಇಡುವುದೇ ಇಲ್ಲ. ಮುಗಿಯುವ ಮೊದಲೇ ನೆನಪಿಟ್ಟು, ಎರಡೂ ಚೀಟಿ ಕಳೆಯದೆ, ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಬೇಕು. ಮರೆವಿನವರಿಗೇ ಈ ಪರೀಕ್ಷೆ!

ಮಾತ್ರೆ ತಗೊಂಡ ದಿನ ಹಸಿವು ಸತ್ತೇಹೋಗುತ್ತದೆ. ಮೊದಲ ಸಲ ಏಕಾದಶಿ ಉಪವಾಸ ಸಲೀಸಾಗಿ ಮುಗಿಸಿ ಜಂಬದಿಂದ ಹೇಳಿಕೊಂಡೆ. ಅತ್ತೆ, ‘ಹಸಿವೇ ಇಲ್ಲದ ಉಪವಾಸದ ಪುಣ್ಯ ನಿನಗಲ್ಲ ಮಾರಾಯ್ತಿ, ನಿನ್ನ ಡಾಕ್ಟರಿಗೆ’ ಎಂದರು. ವೈದ್ಯರೂ ಖಾಲಿ ಹೊಟ್ಟೆ ಬೇಡವೆಂದಿದ್ದರು. ಈಗ ಏಕಾದಶಿ ಬೆಳಿಗ್ಗೆ ಅತ್ತೆಯೇ ಸಾಬಕ್ಕಿ ಖಿಚಡಿ ಮುಂದಿಟ್ಟು ‘ಮಾತ್ರೆ ತಗೊಂಡೆಯಾ?’ ಎಂದು ಕೇಳುತ್ತಾರೆ. ನನ್ನ ಉತ್ತರಕ್ಕೆ ಕಾಯದೆ ಡಬ್ಬಿ ತೆರೆದು ಎಣಿಸುತ್ತಾರೆ.